ಮಂಡಿಯ ಲಿಗಮೆಂಟ್ ಶಸ್ತ್ರಚಿಕಿತ್ಸೆಯ ಖರ್ಚು: ಒಬ್ಬ ಕಬಡ್ಡಿ ಆಟಗಾರನ ಪ್ರಕರಣ

ಆಸ್ಪತ್ರೆಗಳು ಕೊಡುವ ಅಂದಾಜು ವೆಚ್ಚದ ಪಟ್ಟಿಯನ್ನು ಓದಿ, ವಿಮೆಯ ನಿಯಮಗಳೊಂದಿಗೆ ಹೋಲಿಸಿ, ರೋಗಿಯ ಮನೆಯವರಿಗೆ ವಿವರಿಸಿ ಹೇಳುವುದು ನಮ್ಮ ಕೆಲಸ. ಮಂಡಿಯ ಮೂಳೆಗಳನ್ನು ಬಿಗಿದಿಡುವ ಎಸಿಎಲ್ ಎಂಬ ಲಿಗಮೆಂಟ್ ಹರಿದುಕೊಂಡು ಬರುವ ಯುವಕರಲ್ಲಿ ಹೆಚ್ಚಿನವರು ನಮ್ಮನ್ನು ಕಾಣುವ ಹೊತ್ತಿಗೆ ಮುಂಗಡ ಹಣ ಕಟ್ಟಿರುತ್ತಾರೆ, ಕೆಲವರ ಮನೆಯ ಒಡವೆ ಗಿರವಿ ಅಂಗಡಿ ಸೇರಿರುತ್ತದೆ. ಇಲ್ಲಿ ವಿವರಿಸುವ ಕುಟುಂಬ ಅದಕ್ಕೂ ಮೊದಲೇ ಬಂದಿತ್ತು. ಹಾಗಾಗಿ ಖರ್ಚು ಎಲ್ಲೆಲ್ಲಿ ಹುಟ್ಟುತ್ತದೆ, ಯಾವ ತೀರ್ಮಾನದಿಂದ ಎಷ್ಟು ಇಳಿಯುತ್ತದೆ, ಎಲ್ಲಿ ಇಳಿಸಬಾರದು ಎಂಬುದನ್ನು ಮೊದಲಿಂದ ಕೊನೆಯವರೆಗೆ ಗಮನಿಸಲು ಸಾಧ್ಯವಾಯಿತು. ಗುರುತು ಮರೆಸುವ ಸಲುವಾಗಿ ಕೆಲವು ವಿವರಗಳನ್ನು ಬದಲಿಸಲಾಗಿದೆ, ಮೊತ್ತಗಳನ್ನು ಬಹುಮಟ್ಟಿಗೆ ಸಾವಿರಕ್ಕೆ ಸರಿಹೊಂದಿಸಲಾಗಿದೆ. ಇಲ್ಲಿನ ಅಂಕಿಗಳನ್ನು ದರಪಟ್ಟಿ ಎಂದು ತಿಳಿಯದೆ ಪ್ರಮಾಣಗಳನ್ನು ತೋರಿಸುವ ಲೆಕ್ಕವೆಂದು ಓದಬೇಕು.

ಹಿನ್ನೆಲೆ

ಯುವಕನಿಗೆ 26 ವರ್ಷ. ತುಮಕೂರು ಜಿಲ್ಲೆಯ ಒಂದು ಹಳ್ಳಿಯವನು. ಬೆಂಗಳೂರಿನ ಕೈಗಾರಿಕಾ ಪ್ರದೇಶವೊಂದರ ಕಾರ್ಖಾನೆಯಲ್ಲಿ ಯಂತ್ರ ನಡೆಸುವ ಕೆಲಸ, ತಿಂಗಳಿಗೆ 24,000 ರೂಪಾಯಿ ಸಂಬಳ. ಊರಿನಲ್ಲಿ ತಂದೆ, ತಾಯಿ, ಸ್ವಲ್ಪ ಹೊಲ. ಜವಾಬ್ದಾರಿ ಹೊತ್ತ ಅಣ್ಣ ಒಬ್ಬ. ಊರ ಹಬ್ಬದ ಸಮಯದ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯಲ್ಲಿ ರೈಡ್‌ಗೆ ಹೋದಾಗ, ಎದುರಾಳಿ ಹಿಡಿದ ಕಾಲನ್ನು ಬಿಡಿಸಿಕೊಳ್ಳಲು ಮೈ ತಿರುಗಿಸಿದ. ಪಾದ ನೆಲದಲ್ಲಿ ಊರಿಕೊಂಡಿತ್ತು, ದೇಹ ಮಾತ್ರ ತಿರುಗಿತು. ಒಳಗೆ ‘ಟಕ್’ ಎಂದ ಸದ್ದು ತನಗೇ ಕೇಳಿಸಿತೆಂದು ಅವನು ನೆನಪಿಸಿಕೊಳ್ಳುತ್ತಾನೆ. ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಂಡಿತು.

ತಾಲ್ಲೂಕು ಕೇಂದ್ರದಲ್ಲಿ ಎಕ್ಸ್‌ರೇ ತೆಗೆಸಿದಾಗ ಮೂಳೆ ಮುರಿದಿಲ್ಲವೆಂದು ತಿಳಿಯಿತು. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣಿಸುವುದಿಲ್ಲ ಎಂಬುದನ್ನು ಯಾರೂ ಬಿಡಿಸಿ ಹೇಳದ ಕಾರಣ ಮನೆಯವರು ‘ಏನೂ ಆಗಿಲ್ಲ’ ಎಂದೇ ತಿಳಿದು, ಮೂಳೆ ಕಟ್ಟುವ ನಾಟಿ ವೈದ್ಯರಿಂದ ಮೂರು ವಾರ ಕಟ್ಟು ಹಾಕಿಸಿದರು. ಊತ ಇಳಿಯಿತು, ಅವನು ಕೆಲಸಕ್ಕೆ ಮರಳಿದ. ಆದರೆ ಮೆಟ್ಟಿಲು ಇಳಿಯುವಾಗ, ಪಕ್ಕಕ್ಕೆ ತಿರುಗುವಾಗ ಮಂಡಿ ಇದ್ದಕ್ಕಿದ್ದಂತೆ ಕೈಕೊಡುತ್ತಿತ್ತು. ಐದನೆಯ ವಾರ ಎಂಆರ್‌ಐ ಸ್ಕ್ಯಾನಿಂಗ್ ಆಯಿತು. ಎಸಿಎಲ್ ಪೂರ್ತಿ ಹರಿದಿದೆ, ಒಳಬದಿಯ ಮೆನಿಸ್ಕಸ್‌ನ ಹಿಂಭಾಗದಲ್ಲೂ ಸೀಳು ಇದೆ ಎಂಬ ವರದಿ ಬಂತು.

ಎಸಿಎಲ್ ಎನ್ನುವುದು ತೊಡೆಯ ಮೂಳೆಯನ್ನೂ ಮೊಣಕಾಲ ಕೆಳಗಿನ ಮೂಳೆಯನ್ನೂ ಮಂಡಿಯ ನಡುವೆ ಅಡ್ಡಲಾಗಿ ಬಿಗಿದಿಡುವ ಹಗ್ಗದಂಥ ಪಟ್ಟಿ. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ತಿರುಗುವಾಗ ಮಂಡಿ ಸಡಿಲವಾಗದಂತೆ ಅದು ತಡೆಯುತ್ತದೆ. ಮೆನಿಸ್ಕಸ್ ಎನ್ನುವುದು ಎರಡು ಮೂಳೆಗಳ ನಡುವೆ ಭಾರ ಹಂಚುವ ಮೆತ್ತೆ. ಪೂರ್ತಿ ಹರಿದ ಎಸಿಎಲ್‌ನ ತುದಿಗಳನ್ನು ಹೊಲಿದು ಕೂಡಿಸುವುದಕ್ಕಿಂತ, ರೋಗಿಯದೇ ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಬಳಿಯಿಂದಲೋ ಸ್ನಾಯುರಜ್ಜು ತೆಗೆದು ಹೊಸ ಲಿಗಮೆಂಟ್ ರಚಿಸುವುದೇ ಸಾಮಾನ್ಯ ಪದ್ಧತಿ. ಈ ಗ್ರಾಫ್ಟ್ ರೋಗಿಯ ಸ್ವಂತದ್ದಾದ್ದರಿಂದ ಅದಕ್ಕೆ ಬೆಲೆಯಿಲ್ಲ. ಅದನ್ನು ಮೂಳೆಗೆ ಹಿಡಿದಿಡುವ ಬಟನ್ ಮತ್ತು ಸ್ಕ್ರೂಗಳಂಥ ಇಂಪ್ಲಾಂಟ್‌ಗಳಿಗೆ ಬೆಲೆಯಿದೆ.

ಮೊದಲ ಅಂದಾಜು

ಕಾರ್ಖಾನೆಯ ಸಹೋದ್ಯೋಗಿಗಳ ಸಲಹೆಯಂತೆ ಯುವಕ ಮತ್ತು ಅಣ್ಣ ಬೆಂಗಳೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆಗೆ ಹೋದರು. ಅಲ್ಲಿ ಕೊಟ್ಟ ಅಂದಾಜು 2,85,000 ರೂಪಾಯಿ. ಅದೇ ವಾರ ದಿನ ಗೊತ್ತುಮಾಡಿಕೊಂಡರೆ ಸ್ವಲ್ಪ ರಿಯಾಯಿತಿ ಸಿಗುತ್ತದೆಂದೂ ಹೇಳಲಾಯಿತು. ಕಾರ್ಖಾನೆಯ ಗುಂಪು ವಿಮೆಯಲ್ಲಿ ತಂದೆತಾಯಿಯೂ ಸೇರಿ ಇಡೀ ಕುಟುಂಬಕ್ಕೆ ವರ್ಷಕ್ಕೆ 2 ಲಕ್ಷದ ರಕ್ಷಣೆ ಇತ್ತು. ‘ಎರಡು ಲಕ್ಷ ವಿಮೆ ಕೊಡುತ್ತದೆ, ಮಿಕ್ಕ 85,000 ನಾವು ಹೊಂದಿಸಬೇಕು’ ಎಂದು ಅಣ್ಣ ಲೆಕ್ಕ ಹಾಕಿ, ತಾಯಿಯ ಸರ ಅಡವಿಡಲು ಮಾತಾಡಿಕೊಂಡು ಬಂದಿದ್ದ. ನಮ್ಮ ಬಳಿಗೆ ಬಂದದ್ದು ವಿಮೆಯ ಅರ್ಜಿ ತುಂಬಿಸಿಕೊಳ್ಳಲು ಮಾತ್ರ.

ಬೇರೆ ಯೋಜನೆಗಳು ಯಾವುವು ಅನ್ವಯಿಸುತ್ತವೆ ಎಂಬುದನ್ನು ಮೊದಲು ನೋಡಿದೆವು. ಕಾರ್ಮಿಕರ ಸರ್ಕಾರಿ ವಿಮೆಯಾದ ಇಎಸ್‌ಐ ಸೌಲಭ್ಯಕ್ಕೆ ಸಂಬಳದ ಮಿತಿ 21,000 ರೂಪಾಯಿ. ಹಿಂದಿನ ವರ್ಷದ ಬಡ್ತಿಯಿಂದ ಅವನು ಆ ಮಿತಿ ದಾಟಿ ಹೊರಗುಳಿದಿದ್ದ. ಮಿತಿಯೊಳಗೆ ಇದ್ದಿದ್ದರೆ ಚಿಕಿತ್ಸೆಯ ಜೊತೆಗೆ, ವಂತಿಗೆಯ ಷರತ್ತು ಪೂರೈಸಿದವರಿಗೆ ಸಂಬಳದ ಶೇ 70ರಷ್ಟನ್ನು ವರ್ಷಕ್ಕೆ 91 ದಿನಗಳವರೆಗೆ ಕೊಡುವ ಅನಾರೋಗ್ಯ ಭತ್ಯೆಯೂ ದೊರೆಯುತ್ತಿತ್ತು. ಈ ಎರಡನೆಯ ಸೌಲಭ್ಯ ಎಷ್ಟು ದೊಡ್ಡದು ಎಂಬುದು ಪ್ರಕರಣದ ಕೊನೆಯಲ್ಲಿ ಸ್ಪಷ್ಟವಾಗುತ್ತದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಈ ಕುಟುಂಬದ್ದು ಎಪಿಎಲ್ ಕಾರ್ಡ್ ಆದ್ದರಿಂದ ಪ್ಯಾಕೇಜ್ ದರದ ಶೇ 30 ಮಾತ್ರ ಸಿಗುವಂತಿತ್ತು, ಅದಕ್ಕೂ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಿತ್ತು. ಹೀಗಾಗಿ ಗುಂಪು ವಿಮೆಯೇ ಮುಖ್ಯ ಆಧಾರವಾಗಿ ಉಳಿಯಿತು.

ಅಂದಾಜು ಪಟ್ಟಿಯನ್ನು ಬಿಡಿಸಿ ಓದಿದ್ದು

ಕುಟುಂಬದ ಕೈಯಲ್ಲಿದ್ದ ಕಾಗದದಲ್ಲಿ ಒಟ್ಟು ಮೊತ್ತ ಮಾತ್ರ ಇತ್ತು. ವಿವರವಾದ ಪಟ್ಟಿ ಕೇಳಿ ತರಲು ಅಣ್ಣನನ್ನು ಹಿಂದಕ್ಕೆ ಕಳುಹಿಸಿದೆವು. ಖಾಸಗಿ ಆಸ್ಪತ್ರೆಗಳು ತಮ್ಮ ದರಗಳನ್ನು ಪ್ರದರ್ಶಿಸಬೇಕೆಂದು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯೇ ಹೇಳುತ್ತದೆ, ಆದ್ದರಿಂದ ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಬಂದ ಪಟ್ಟಿ ಹೀಗಿತ್ತು: ಶಸ್ತ್ರಚಿಕಿತ್ಸಕರ ಶುಲ್ಕ, ಆಪರೇಷನ್ ಥಿಯೇಟರ್ ಮತ್ತು ಅರಿವಳಿಕೆ ಸೇರಿ 1,05,000, ಇಂಪ್ಲಾಂಟ್‌ಗಳು 92,000, ಒಮ್ಮೆ ಬಳಸಿ ಎಸೆಯುವ ಸಾಮಗ್ರಿಗಳು 43,000, ಪ್ರತ್ಯೇಕ ಕೊಠಡಿ ದಿನಕ್ಕೆ 7,500ರಂತೆ ಎರಡು ದಿನಕ್ಕೆ ಜಿಎಸ್‌ಟಿ ಸೇರಿ 15,750, ಔಷಧಿ, ಪರೀಕ್ಷೆಗಳು ಮತ್ತು ಮಂಡಿಯ ಬ್ರೇಸ್ 29,250.

ನಮ್ಮ ಕಣ್ಣು ಮೊದಲು ನೆಟ್ಟದ್ದು ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಸಣ್ಣದಾದ ಕೊಠಡಿ ಬಾಡಿಗೆಯ ಮೇಲೆ. ಪಾಲಿಸಿಯ ಪ್ರಕಾರ ಕೊಠಡಿ ಬಾಡಿಗೆಯ ಮಿತಿ ವಿಮಾ ಮೊತ್ತದ ಶೇ 1, ಅಂದರೆ ದಿನಕ್ಕೆ 2,000. ಅದನ್ನು ಮೀರಿದ ಕೊಠಡಿ ತೆಗೆದುಕೊಂಡರೆ ಹೆಚ್ಚುವರಿ ಬಾಡಿಗೆಯನ್ನಷ್ಟೇ ಕೈಯಿಂದ ಕೊಡಬೇಕೆಂದು ಹೆಚ್ಚಿನವರು ನಂಬಿರುತ್ತಾರೆ. ವಾಸ್ತವದಲ್ಲಿ, ಕೊಠಡಿಯ ದರ್ಜೆಗೆ ತಕ್ಕಂತೆ ಶುಲ್ಕ ಬದಲಿಸುವ ಆಸ್ಪತ್ರೆಗಳಲ್ಲಿ, ಶಸ್ತ್ರಚಿಕಿತ್ಸಕರ ಶುಲ್ಕ, ಥಿಯೇಟರ್, ಅರಿವಳಿಕೆ ಮುಂತಾದ ‘ಸಂಬಂಧಿತ ವೈದ್ಯಕೀಯ ವೆಚ್ಚ’ಗಳನ್ನೂ ಅದೇ ಅನುಪಾತದಲ್ಲಿ ಕಡಿತಗೊಳಿಸಲು ಇಂಥ ಪಾಲಿಸಿಗಳು ಅವಕಾಶ ಕೊಡುತ್ತವೆ. ಔಷಧಿ, ಬಳಕೆ ಸಾಮಗ್ರಿ, ಇಂಪ್ಲಾಂಟ್ ಮತ್ತು ಪರೀಕ್ಷೆಗಳನ್ನು ಈ ಕಡಿತದಿಂದ ಹೊರಗಿಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2020ರಲ್ಲಿ ಸೂಚಿಸಿದ್ದರಿಂದ ಹೊಡೆತ ಕೊಂಚ ತಗ್ಗಿದೆ, ಇಲ್ಲವಾಗಿಲ್ಲ.

ಈ ಪ್ರಕರಣಕ್ಕೆ ಅದನ್ನು ಅನ್ವಯಿಸಿದಾಗ 7,500ಕ್ಕೆ 2,000 ಎಂಬ ಅನುಪಾತದಲ್ಲಿ 1,05,000 ರೂಪಾಯಿಗೆ ವಿಮೆಯಿಂದ ಬರುವುದು 28,000 ಮಾತ್ರ. ಕೊಠಡಿಗೆ 4,000, ಇಂಪ್ಲಾಂಟ್‌ಗೆ 92,000, ಬಳಕೆ ಸಾಮಗ್ರಿಯಲ್ಲಿ ಪಾವತಿಗೆ ಅರ್ಹವಾದ ಸುಮಾರು 30,000, ಔಷಧಿ ಪರೀಕ್ಷೆಗಳಲ್ಲಿ ಸುಮಾರು 22,000 ಸೇರಿಸಿದರೆ ಒಟ್ಟು 1,76,000 ಆಗುತ್ತದೆ. ಕುಟುಂಬದ ಕೈಯಿಂದ ಹೋಗುವುದು 85,000 ಅಲ್ಲ, 1,09,000. ಎರಡು ಲಕ್ಷದ ವಿಮೆ ಪೂರ್ತಿ ಬಳಕೆಯಾಗದೆಯೇ ಇಷ್ಟು ಹಣ ಕೈಬಿಡುತ್ತಿತ್ತು.

ಅದೇ ಆಸ್ಪತ್ರೆಯಲ್ಲಿ ದಿನಕ್ಕೆ 2,000ದ ಸಾಮಾನ್ಯ ವಾರ್ಡ್‌ಗೆ ಅಂದಾಜು ಕೇಳಿದಾಗ ಒಟ್ಟು ಮೊತ್ತ 2,31,000ಕ್ಕೆ ಇಳಿಯಿತು. ವೈದ್ಯರು ಅವರೇ, ಥಿಯೇಟರ್ ಅದೇ, ಇಂಪ್ಲಾಂಟ್‌ಗಳೂ ಅವೇ. ವಾರ್ಡ್ ದರ್ಜೆಗೆ ತಕ್ಕಂತೆ ಶಸ್ತ್ರಚಿಕಿತ್ಸೆಯ ಶುಲ್ಕ 68,000 ಆಗಿತ್ತು, ಔಷಧಿ ಪರೀಕ್ಷೆಗಳ ಬಾಬ್ತು 24,000 ಆಗಿತ್ತು. ಅನುಪಾತದ ಕಡಿತ ಇಲ್ಲದ್ದರಿಂದ ವಿಮೆಯ 2 ಲಕ್ಷವೂ ದೊರೆತು, ಕೈಯಿಂದ ಕೊಡಬೇಕಾದದ್ದು 31,000 ಮಾತ್ರ. ಎರಡು ರಾತ್ರಿ ಮಲಗುವ ಹಾಸಿಗೆ ಎಲ್ಲಿರಬೇಕು ಎಂಬ ಒಂದು ಪ್ರಶ್ನೆಗೆ 78,000 ರೂಪಾಯಿಯ ತೂಕವಿತ್ತು. ಇದನ್ನು ಕಂಡ ಮೇಲೆ ಅಣ್ಣ ಒಡವೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಕಾಯುವ ತೀರ್ಮಾನ

ಖರ್ಚಿನ ಲೆಕ್ಕಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದು ಉಳಿದಿತ್ತು: ಈಗಲೇ ಶಸ್ತ್ರಚಿಕಿತ್ಸೆ ಬೇಕೇ? ನಾವು ವೈದ್ಯರಲ್ಲ, ಆದ್ದರಿಂದ ವೈದ್ಯಕೀಯ ಕಾಲೇಜಿಗೆ ಸೇರಿದ ಒಂದು ಟ್ರಸ್ಟ್ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಎರಡನೆಯ ಅಭಿಪ್ರಾಯ ಪಡೆಯಲು ಸೂಚಿಸಿದೆವು. ಮಂಡಿ ಸಿಲುಕಿಕೊಂಡು ಮಡಚಲು ಅಥವಾ ನೆಟ್ಟಗೆ ಮಾಡಲು ಆಗದ ಸ್ಥಿತಿ ಇದ್ದರೆ ತಡಮಾಡುವಂತಿಲ್ಲ, ಇವನಿಗೆ ಆ ಸ್ಥಿತಿ ಇಲ್ಲ ಎಂದು ಅಲ್ಲಿನ ವೈದ್ಯರು ಪರೀಕ್ಷಿಸಿ ಹೇಳಿದರು. ಮೂರು ವಾರದ ಕಟ್ಟಿನಿಂದ ಮಂಡಿ ಬಿಗಿದುಕೊಂಡಿತ್ತು, ತೊಡೆಯ ಮುಂಭಾಗದ ಸ್ನಾಯು ಸೊರಗಿತ್ತು. ಆ ಸ್ಥಿತಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದರೆ ಬಿಗಿತ ಇನ್ನೂ ಹೆಚ್ಚುವ ಅಪಾಯವಿತ್ತು. ಮೊದಲು ವ್ಯಾಯಾಮದಿಂದ ಚಲನೆ ಮತ್ತು ಶಕ್ತಿ ಮರಳಲಿ, ಆಮೇಲೆ ನಿರ್ಧರಿಸೋಣ ಎಂಬುದು ಅವರ ಸಲಹೆ.

ಈ ಸಲಹೆಗೆ ಸಂಶೋಧನೆಯ ಬೆಂಬಲವೂ ಇದೆ. ಸ್ವೀಡನ್‌ನಲ್ಲಿ 121 ಮಂದಿ ಕ್ರಿಯಾಶೀಲ ಯುವಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೂಡಲೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೂ, ಮೊದಲು ವ್ಯಾಯಾಮ ಮಾಡಿ ಅಗತ್ಯ ಬಿದ್ದರೆ ಮಾತ್ರ ಶಸ್ತ್ರಚಿಕಿತ್ಸೆ ಎಂಬ ದಾರಿ ಹಿಡಿದವರಿಗೂ ಎರಡು ವರ್ಷದ ಕೊನೆಯಲ್ಲಿ ಮಂಡಿಯ ಸ್ಥಿತಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎರಡನೆಯ ಗುಂಪಿನ 59 ಮಂದಿಯಲ್ಲಿ 23 ಮಂದಿ ಆ ಅವಧಿಯಲ್ಲಿ ಶಸ್ತ್ರಚಿಕಿತ್ಸೆಗೆ ಹೋದರು. ಹಾಗೆಂದು ಇದನ್ನು ಎಲ್ಲರಿಗೂ ಅನ್ವಯಿಸಲಾಗದು. ಗಾಯ ಹಳೆಯದಾಗಿಯೂ ಮಂಡಿ ಕೈಕೊಡುವುದು ನಿಲ್ಲದವರನ್ನು ಕುರಿತು ಬ್ರಿಟನ್ನಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯೇ ಹೆಚ್ಚು ಫಲಕಾರಿಯಾಗಿತ್ತು, ವೆಚ್ಚದ ದೃಷ್ಟಿಯಿಂದಲೂ ಮೇಲಾಗಿತ್ತು. ಕಾಯುವುದು ಬೇರೆ, ಕೈಕೊಡುವ ಮಂಡಿಯನ್ನು ವರ್ಷಗಟ್ಟಲೆ ಎಳೆದಾಡಿ ಮೆನಿಸ್ಕಸ್ ಹಾಳುಮಾಡಿಕೊಳ್ಳುವುದು ಬೇರೆ.

ಯುವಕ ಎಂಟು ವಾರ ವ್ಯಾಯಾಮ ಮಾಡಿದ. ಮೇಲ್ವಿಚಾರಕರು ಹಗುರ ಕೆಲಸ ಕೊಟ್ಟಿದ್ದರಿಂದ ಆ ಅವಧಿಯ ಸಂಬಳ ತಪ್ಪಲಿಲ್ಲ. ಮಂಡಿ ಪೂರ್ತಿ ಮಡಚತೊಡಗಿತು, ನಡಿಗೆ ಸರಿಹೋಯಿತು. ಆದರೂ ಭಾರ ಹೊತ್ತು ತಿರುಗಿದಾಗ ಮಂಡಿ ಜಾರುವುದು ನಿಲ್ಲಲಿಲ್ಲ. ಕೆಲಸವೂ ಅಂಥದ್ದು, ಕಬಡ್ಡಿ ಬಿಡುವ ಮನಸ್ಸೂ ಅವನಿಗಿರಲಿಲ್ಲ, ಮೆನಿಸ್ಕಸ್ ಸೀಳು ಬೇರೆ ಇತ್ತು. ಶಸ್ತ್ರಚಿಕಿತ್ಸೆ ಬೇಕು ಎಂಬ ತೀರ್ಮಾನಕ್ಕೆ ವೈದ್ಯರೂ ಅವನೂ ಬಂದದ್ದು ಹೀಗೆ. ಕಾದದ್ದಕ್ಕೆ ಒಂದು ನಷ್ಟವೂ ಆಯಿತು. ಪಾಲಿಸಿಯಲ್ಲಿ ಆಸ್ಪತ್ರೆ ಸೇರುವ ಹಿಂದಿನ 30 ದಿನಗಳ ಖರ್ಚಿಗೆ ಮಾತ್ರ ಮರುಪಾವತಿ ಇದ್ದುದರಿಂದ ಎಂಆರ್‌ಐಗೆ ಕೊಟ್ಟ 6,500 ರೂಪಾಯಿ ಮರಳಲಿಲ್ಲ. ಅಷ್ಟಕ್ಕಾಗಿ ಆತುರಪಡುವುದು ತರವಲ್ಲವೆಂದು ನಾವು ಹೇಳಿದೆವು, ಈಗಲೂ ಹಾಗೆಯೇ ಹೇಳುತ್ತೇವೆ.

ಇಂಪ್ಲಾಂಟ್‌ಗಳ ಆಯ್ಕೆ

ಆ ಎಂಟು ವಾರಗಳು ಖರ್ಚಿನ ವಿಷಯದಲ್ಲೂ ಬಹಳ ನೆರವಾದವು. ‘ಸಾರ್, ಮಂಡಿ ಇಂಪ್ಲಾಂಟ್ ಬೆಲೆಯನ್ನು ಸರ್ಕಾರವೇ ಇಳಿಸಿದೆಯಲ್ಲ, ಇವರು ಯಾಕೆ ಇಷ್ಟು ಹಾಕಿದ್ದಾರೆ?’ ಎಂದು ಅಣ್ಣ ಕೇಳಿದ. ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು 2017ರ ಆಗಸ್ಟ್‌ನಲ್ಲಿ ಗರಿಷ್ಠ ಬೆಲೆ ನಿಗದಿ ಮಾಡಿದ್ದು ಮಂಡಿ ಬದಲಾವಣೆಯ ಕೃತಕ ಕೀಲುಗಳಿಗೆ. ಲಿಗಮೆಂಟ್ ಹಿಡಿದಿಡುವ ಬಟನ್, ಸ್ಕ್ರೂಗಳು ಆ ಪಟ್ಟಿಯಲ್ಲಿ ಇರಲಿಲ್ಲ. ಇವುಗಳ ಮೇಲೆ ಮುದ್ರಿಸುವ ಎಂಆರ್‌ಪಿಗೂ ಆಸ್ಪತ್ರೆ ಕೊಳ್ಳುವ ಬೆಲೆಗೂ ದೊಡ್ಡ ಅಂತರ ಇರಬಹುದು. ದೆಹಲಿ ಸುತ್ತಮುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್‌ಗಳನ್ನು ಇದೇ ಪ್ರಾಧಿಕಾರ 2018ರಲ್ಲಿ ಪರಿಶೀಲಿಸಿದಾಗ ಕೆಲವು ಸಾಮಗ್ರಿಗಳ ಮೇಲಿನ ಲಾಭ ಶೇ 1,737ರವರೆಗೆ ಇತ್ತು. ಹಾಗಾಗಿ ಒಂದೇ ಗುಣಮಟ್ಟದ ಇಂಪ್ಲಾಂಟ್‌ಗೆ ಎರಡು ಆಸ್ಪತ್ರೆಗಳಲ್ಲಿ ಎರಡು ಬೆಲೆ ಇರುವುದು ಅಚ್ಚರಿಯಲ್ಲ.

ಮೊದಲ ಅಂದಾಜಿನ 92,000ದಲ್ಲಿ ಅಗತ್ಯಕ್ಕೆ ತಕ್ಕಂತೆ ಬಿಗಿಗೊಳಿಸಬಹುದಾದ ಬಟನ್‌ಗೆ 28,000, ದೇಹದಲ್ಲಿ ಕರಗುವ ಸ್ಕ್ರೂಗೆ 24,000, ಮೆನಿಸ್ಕಸ್ ಹೊಲಿಯುವ ಎರಡು ಸಾಧನಗಳಿಗೆ ತಲಾ 20,000 ಇತ್ತು. ಟ್ರಸ್ಟ್ ಆಸ್ಪತ್ರೆಯ ಶಸ್ತ್ರಚಿಕಿತ್ಸಕರು ಸ್ಥಿರ ಅಳತೆಯ ಬಟನ್ ಮತ್ತು ಟೈಟಾನಿಯಂ ಸ್ಕ್ರೂ ಬಳಸುವವರಾಗಿದ್ದರು, ಅವೆರಡಕ್ಕೆ 16,000 ಮತ್ತು 8,000. ಕರಗುವ ಸ್ಕ್ರೂ ಎಂದರೆ ಮೇಲುದರ್ಜೆಯದು, ಲೋಹದ್ದು ಎಂದರೆ ಹಳೆಯದು ಎಂಬ ಭಾವನೆ ಕುಟುಂಬದಲ್ಲಿತ್ತು. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2016ರ ವಿಮರ್ಶೆಯು ರೋಗಿಗಳು ಹೇಳಿದ ಮಂಡಿಯ ಕಾರ್ಯಕ್ಷಮತೆಯಲ್ಲಿ ಎರಡರ ನಡುವೆ ವ್ಯತ್ಯಾಸ ಕಂಡಿರಲಿಲ್ಲ. ಕರಗುವ ಸ್ಕ್ರೂಗಳಲ್ಲೇ, ಸ್ಕ್ರೂ ಮುರಿಯುವುದೂ ಸೇರಿದಂತೆ, ವೈಫಲ್ಯ ತುಸು ಹೆಚ್ಚಿರಬಹುದೆಂದು ಸೂಚಿಸಿತ್ತು. ಆಧಾರಗಳ ಗುಣಮಟ್ಟ ಹೆಚ್ಚಿನದಲ್ಲವೆಂದೂ ಆ ವಿಮರ್ಶೆಯೇ ಒಪ್ಪಿಕೊಂಡಿದೆ. ದುಬಾರಿಯಾದದ್ದನ್ನು ಆರಿಸಲು ಕಾರಣ ಸಿಗಲಿಲ್ಲ ಎಂದಷ್ಟೇ ನಾವು ಹೇಳಬಹುದು. ಇಂಥ ಆಯ್ಕೆಯನ್ನು ಶಸ್ತ್ರಚಿಕಿತ್ಸಕರ ಮೇಲೆ ಹೇರಬಾರದು. ತಮಗೆ ಕೈ ಪಳಗಿದ ವಿಧಾನದಲ್ಲಿ ಅವರು ಕೆಲಸ ಮಾಡಲಿ, ‘ಇದರಲ್ಲಿ ಕಡಿಮೆ ಬೆಲೆಯದೂ ನಿಮಗೆ ಒಪ್ಪಿಗೆಯೇ?’ ಎಂದು ಕೇಳುವುದಷ್ಟೇ ನಮ್ಮ ಹಕ್ಕು.

ಟ್ರಸ್ಟ್ ಆಸ್ಪತ್ರೆಯ ಒಟ್ಟು ಅಂದಾಜು 1,38,000 ಆಯಿತು: ಶಸ್ತ್ರಚಿಕಿತ್ಸೆ ಶುಲ್ಕಗಳು 48,000, ಮೆನಿಸ್ಕಸ್ ಸಾಧನ ಒಂದೂ ಸೇರಿ ಇಂಪ್ಲಾಂಟ್‌ಗಳು 46,000, ಬಳಕೆ ಸಾಮಗ್ರಿ 22,000, ವಾರ್ಡ್ 3,000, ಔಷಧಿ ಪರೀಕ್ಷೆ 19,000. ಅಣ್ಣನ ಮುಖದಲ್ಲಿ ನೆಮ್ಮದಿಯ ಬದಲು ಅನುಮಾನ ಕಾಣಿಸಿತು. ‘ಅಷ್ಟು ದೊಡ್ಡ ಆಸ್ಪತ್ರೆ ಬಿಟ್ಟು ಕಮ್ಮಿ ದುಡ್ಡಿನ ಕಡೆ ಹೋಗಿ ತಮ್ಮನ ಕಾಲು ಕೆಟ್ಟರೆ ನಾಳೆ ಯಾರು ಹೊಣೆ ಸಾರ್?’ ಎಂದು ಕೇಳಿದ. ಇದು ನ್ಯಾಯವಾದ ಭಯ, ಇದಕ್ಕೆ ಬಾಯಿಮಾತಿನ ಸಮಾಧಾನ ಸಾಲದು. ಬೋಧನಾ ಆಸ್ಪತ್ರೆಯಾದ್ದರಿಂದ ಶಸ್ತ್ರಚಿಕಿತ್ಸೆ ಮಾಡುವವರು ಯಾರು, ಹಿರಿಯರೇ ಅಥವಾ ಕಲಿಯುತ್ತಿರುವವರೇ, ಅವರು ಎಸಿಎಲ್ ಎಷ್ಟು ಸಲ ಮಾಡುತ್ತಾರೆ, ಸೋಂಕಾದರೆ ಏನು ಕ್ರಮ, ಫಿಸಿಯೋಥೆರಪಿ ಅಲ್ಲೇ ಇದೆಯೇ ಎಂಬ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ ಶಸ್ತ್ರಚಿಕಿತ್ಸಕರನ್ನೇ ಕೇಳುವಂತೆ ಹೇಳಿದೆವು. ಅವರು ಬೇಸರಿಸದೆ ಉತ್ತರಿಸಿದರು. ವಾರವಾರವೂ ಈ ಶಸ್ತ್ರಚಿಕಿತ್ಸೆ ಮಾಡುವ ಹಿರಿಯರೇ ಮಾಡುವರು, ಕಿರಿಯ ವೈದ್ಯರು ಸಹಾಯಕರಾಗಿ ಇರುವರು ಎಂದು ತಿಳಿಸಿದರು. ಕುಟುಂಬ ಅಲ್ಲಿಗೇ ಹೋಗಲು ಒಪ್ಪಿತು. ತಂದೆಗೆ ಸಕ್ಕರೆ ಕಾಯಿಲೆ ಇತ್ತು, ವರ್ಷದ ವಿಮೆಯನ್ನೆಲ್ಲ ಒಂದೇ ಮಂಡಿಗೆ ಮುಗಿಸಿಬಿಟ್ಟರೆ ಮುಂದೆ ಅವರ ಗತಿ ಏನೆಂಬ ಯೋಚನೆಯೂ ಈ ಆಯ್ಕೆಯಲ್ಲಿ ಸೇರಿತ್ತು.

ಉಳಿಸಬಾರದ ಖರ್ಚು

ಶಸ್ತ್ರಚಿಕಿತ್ಸೆಯ ಮುನ್ನ ವೈದ್ಯರು ಒಂದು ವಿಷಯ ಎತ್ತಿದರು. ಮೆನಿಸ್ಕಸ್ ಸೀಳು ಒಳಗೆ ನೋಡಿದಾಗ ಎಂಆರ್‌ಐಯಲ್ಲಿ ಕಂಡದ್ದಕ್ಕಿಂತ ದೊಡ್ಡದಿದ್ದರೆ ಎರಡನೆಯ ಸಾಧನ ಬೇಕಾಗುತ್ತದೆ, ಅದರ ಬೆಲೆ 22,000. ಬೇಡವೆಂದರೆ ಹರಿದ ಭಾಗವನ್ನು ಕತ್ತರಿಸಿ ತೆಗೆಯಬಹುದು, ಅದಕ್ಕೆ ಹೆಚ್ಚಿನ ಖರ್ಚಿಲ್ಲ, ಚೇತರಿಕೆಯೂ ಬೇಗ. ಆದರೆ ಮೆನಿಸ್ಕಸ್ ಕಳೆದುಕೊಂಡ ಮಂಡಿ ಮುಂದೆ ಬೇಗ ಸವೆಯುವ ಸಂಭವ ಹೆಚ್ಚು. 26ರ ಹರೆಯದವನಿಗೆ ಹೊಲಿಯಲು ಸಾಧ್ಯವಿರುವಷ್ಟನ್ನೂ ಹೊಲಿದು ಉಳಿಸಬೇಕೆಂಬುದು ಅವರ ಅಭಿಪ್ರಾಯ. ಥಿಯೇಟರ್ ಬಾಗಿಲಲ್ಲಿ ನಿಂತು ಐದು ನಿಮಿಷದಲ್ಲಿ ಉತ್ತರಿಸುವ ಪ್ರಶ್ನೆ ಇದಲ್ಲ. ಆದ್ದರಿಂದ ಹಿಂದಿನ ವಾರವೇ ಮನೆಯವರೆಲ್ಲ ಕುಳಿತು ‘ಬೇಕಾದರೆ ಹಾಕಿ, ಕತ್ತರಿಸಬೇಡಿ, ಬಳಸದಿದ್ದರೆ ಬಿಲ್‌ನಿಂದ ತೆಗೆಯಿರಿ’ ಎಂದು ಒಪ್ಪಿಗೆ ಪತ್ರದಲ್ಲೇ ಬರೆಸಿದರು. ಕೊನೆಗೆ ಎರಡನೆಯ ಸಾಧನ ಬೇಕಾಯಿತು. ಅಂದಾಜು ಮೀರಿತು, ಆದರೆ ಯಾರೂ ಗಾಬರಿಯಾಗಲಿಲ್ಲ. ಇಡೀ ಪ್ರಕರಣದಲ್ಲಿ ಈ ಕುಟುಂಬ ತೆಗೆದುಕೊಂಡ ಅತ್ಯುತ್ತಮ ತೀರ್ಮಾನ ಇದೆಂದು ನಾನು ಭಾವಿಸುತ್ತೇನೆ, ಇದು ಖರ್ಚು ಹೆಚ್ಚಿಸಿದ ತೀರ್ಮಾನವಾಗಿದ್ದರೂ ಸಹ.

ನಗದುರಹಿತ ಸೌಲಭ್ಯಕ್ಕೆ ಅನುಮತಿ ಕೋರಿಕೆಯನ್ನು ಮುಂಚಿತವಾಗಿಯೇ ಕಳುಹಿಸಲಾಗಿತ್ತು. ಪೆಟ್ಟಾದ ದಿನ ಯಾವುದು, ಮೊದಲು ತೋರಿಸಿದ್ದು ಯಾರಿಗೆ ಎಂದು ವಿಮಾ ಸಂಸ್ಥೆ ವಿವರಣೆ ಕೇಳಿತು. ನಾಟಿ ವೈದ್ಯರ ಬಳಿ ಕಾಗದವಿರಲಿಲ್ಲ. ಎಕ್ಸ್‌ರೇ ತೆಗೆಸಿದ ದಿನದ ಚೀಟಿಯನ್ನು ತಾಯಿ ದೇವರ ಮನೆಯ ಡಬ್ಬದಲ್ಲಿ ಜೋಪಾನ ಮಾಡಿದ್ದರಿಂದ ಆ ತೊಡಕು ನಿವಾರಣೆಯಾಯಿತು. ಅಂತಿಮ ಬಿಲ್ 1,57,000. ಇಂಪ್ಲಾಂಟ್‌ಗಳ ಸ್ಟಿಕರ್‌ಗಳನ್ನು ಕೇಸ್ ಶೀಟ್‌ನಲ್ಲಿ ಅಂಟಿಸಿರುವುದನ್ನು ಅಣ್ಣ ಬಿಲ್‌ನೊಂದಿಗೆ ತಾಳೆ ನೋಡಿದ, ಎಲ್ಲವೂ ಸರಿಯಿತ್ತು. ವಿಮೆ 1,43,000 ಕೊಟ್ಟಿತು. ಬ್ರೇಸ್‌ಗೂ ಪಾವತಿಗೆ ಅರ್ಹವಲ್ಲದ ಸಣ್ಣಪುಟ್ಟ ವಸ್ತುಗಳಿಗೂ ಸೇರಿ ಕುಟುಂಬ ಕೊಟ್ಟದ್ದು 14,000.

ಮನೆಗೆ ಬಂದ ಮೇಲೆ

ಆಸ್ಪತ್ರೆಯ ಬಿಲ್ ಪಾವತಿಯಾದ ದಿನ ಎಲ್ಲರೂ ಖರ್ಚು ಮುಗಿಯಿತೆಂದು ಭಾವಿಸಿದರು. ಅದು ಮುಗಿದಿರಲಿಲ್ಲ. ಮೆನಿಸ್ಕಸ್ ಹೊಲಿದಿದ್ದರಿಂದ ಆರು ವಾರ ಆ ಕಾಲಿನ ಮೇಲೆ ಪೂರ್ತಿ ಭಾರ ಹಾಕುವಂತಿರಲಿಲ್ಲ, 90 ಡಿಗ್ರಿಗಿಂತ ಹೆಚ್ಚು ಮಡಚುವಂತಿರಲಿಲ್ಲ. ಯಂತ್ರದ ಮುಂದೆ ದಿನವಿಡೀ ನಿಲ್ಲುವ ಕೆಲಸವಿರಲಿ, ಕಾರ್ಖಾನೆಗೆ ಮರಳುವುದಕ್ಕೇ ಎರಡೂವರೆ ತಿಂಗಳು ಬೇಕಾಯಿತು. ಬಾಕಿ ಇದ್ದ ರಜೆಗಳನ್ನು ಕಳೆದರೆ ಸುಮಾರು 45,000 ರೂಪಾಯಿ ಸಂಬಳ ಹೋಯಿತು. ಆಸ್ಪತ್ರೆಗೆ ಕೈಯಿಂದ ಕೊಟ್ಟದ್ದಕ್ಕಿಂತ ಇದು ಮೂರು ಪಟ್ಟು ಹೆಚ್ಚು, ಆದರೆ ಯಾವ ಅಂದಾಜು ಪಟ್ಟಿಯಲ್ಲೂ ಇದಕ್ಕೊಂದು ಸಾಲು ಇರುವುದಿಲ್ಲ. ವೈದ್ಯರ ಪತ್ರ ತೋರಿಸಿ ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ಕುಳಿತು ಮಾಡುವ ಕೆಲಸ ಕೇಳಿದ್ದರಿಂದ ನಷ್ಟ ಅಷ್ಟಕ್ಕೆ ನಿಂತಿತು. ಹಳೆಯ ಕೆಲಸಕ್ಕೇ ಮರಳಬೇಕಾಗಿದ್ದರೆ ಇನ್ನೂ ಎರಡು ತಿಂಗಳು ಮನೆಯಲ್ಲಿ ಕೂರಬೇಕಾಗುತ್ತಿತ್ತು.

ಫಿಸಿಯೋಥೆರಪಿಗೆ ಮೊದಲು ವಿಚಾರಿಸಿದ ಕೇಂದ್ರದಲ್ಲಿ ಒಂದು ಭೇಟಿಗೆ 600 ರೂಪಾಯಿ, ವಾರಕ್ಕೆ ಮೂರರಂತೆ ಆರು ತಿಂಗಳಿಗೆ 46,800 ಆಗುತ್ತಿತ್ತು. ಟ್ರಸ್ಟ್ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಂದು ಭೇಟಿಗೆ 200. ವಾರಕ್ಕೆ ಎರಡು ಭೇಟಿ, ಉಳಿದ ದಿನ ಬರೆದುಕೊಟ್ಟ ವ್ಯಾಯಾಮ ಮನೆಯಲ್ಲಿ ಎಂದು ಗೊತ್ತುಮಾಡಲಾಯಿತು. ಬಿಡುಗಡೆಯ ನಂತರದ 60 ದಿನಗಳ ಖರ್ಚಿಗೆ ಪಾಲಿಸಿಯಲ್ಲಿ ಅವಕಾಶವಿದ್ದು, ವೈದ್ಯರ ಸಲಹಾ ಚೀಟಿಯೊಂದಿಗೆ ರಸೀದಿ ಸಲ್ಲಿಸಿದಾಗ 3,000 ರೂಪಾಯಿ ಮರಳಿತು.

ಪ್ರಕರಣ ಕೆಡುವ ಹಂತಕ್ಕೆ ಹೋದದ್ದು ಮೂರನೆಯ ತಿಂಗಳ ನಂತರ. ನೋವಿರಲಿಲ್ಲ, ನಡಿಗೆ ಸರಾಗವಾಗಿತ್ತು, ಕೆಲಸಕ್ಕೂ ಹೋಗುತ್ತಿದ್ದ. ಹೀಗಾಗಿ ಬಸ್ಸಿನ ಖರ್ಚು, ಅರ್ಧ ದಿನದ ರಜೆ ಯಾಕೆಂದು ಯುವಕ ಫಿಸಿಯೋಥೆರಪಿ ನಿಲ್ಲಿಸಿದ. ಆರು ವಾರದ ಬಳಿಕ ತಪಾಸಣೆಗೆ ಬಂದಾಗ ಮಂಡಿ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ, ಆ ತೊಡೆ ಇನ್ನೊಂದಕ್ಕಿಂತ ಕಣ್ಣಿಗೆ ಕಾಣುವಷ್ಟು ತೆಳ್ಳಗಾಗಿತ್ತು. ಮತ್ತೆ ವಾರಕ್ಕೆ ಮೂರು ಭೇಟಿಯಿಂದ ಶುರುಮಾಡಬೇಕಾಯಿತು. 600 ರೂಪಾಯಿಯ ಭೇಟಿಯನ್ನು 200ಕ್ಕೆ ಇಳಿಸುವುದು ಉಳಿತಾಯ, ಭೇಟಿಯನ್ನೇ ಕೈಬಿಡುವುದು ಶಸ್ತ್ರಚಿಕಿತ್ಸೆಗೆ ಹಾಕಿದ ಹಣವನ್ನೇ ಪಣಕ್ಕಿಟ್ಟಂತೆ ಎಂದು ಫಿಸಿಯೋಥೆರಪಿಸ್ಟ್ ಅವನಿಗೆ ನೇರವಾಗಿ ಹೇಳಿದರು.

ಆಟಕ್ಕೆ ಮರಳುವ ಆತುರವನ್ನು ತಡೆಯುವುದು ಇನ್ನೂ ಕಷ್ಟವಾಗಿತ್ತು. ಎಂಟನೆಯ ತಿಂಗಳಲ್ಲಿ ಊರ ತಂಡದವರು ಕರೆದರು. ನಾರ್ವೆ ಮತ್ತು ಅಮೆರಿಕದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶಸ್ತ್ರಚಿಕಿತ್ಸೆಯ ನಂತರ ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮತ್ತೆ ಮಂಡಿಗೆ ಪೆಟ್ಟಾಗುವ ಪ್ರಮಾಣ ಶೇ 51ರಷ್ಟು ಇಳಿಯುತ್ತದೆ. ಶಸ್ತ್ರಚಿಕಿತ್ಸಕರು ಇದನ್ನು ವಿವರಿಸಿ, ತೊಡೆಯ ಶಕ್ತಿ ಇನ್ನೊಂದು ಕಾಲಿನ ಶೇ 90ಕ್ಕಾದರೂ ತಲುಪಿ ಒಂಟಿಕಾಲ ಜಿಗಿತದ ಪರೀಕ್ಷೆಗಳಲ್ಲಿ ತೇರ್ಗಡೆಯಾಗುವವರೆಗೆ ಅನುಮತಿ ಕೊಡುವುದಿಲ್ಲವೆಂದರು. ನಡುವೆ ನಿಲ್ಲಿಸಿದ ಆರು ವಾರಗಳಿಂದಾಗಿ ಆ ಮಟ್ಟ ತಲುಪಲು ಹನ್ನೊಂದು ತಿಂಗಳು ಬೇಕಾಯಿತು. ಈಗ ಅವನು ಆಡುತ್ತಿದ್ದಾನೆ, ಮಂಡಿ ಜಾರಿಲ್ಲ.

ಫಲಿತಾಂಶ ಮತ್ತು ಅದರಿಂದ ತಿಳಿದದ್ದು

ಆಸ್ಪತ್ರೆಗೆ ಕೈಯಿಂದ 14,000, ಮೊದಲ ತಪಾಸಣೆ, ಎಕ್ಸ್‌ರೇ, ಎಂಆರ್‌ಐಗೆ 11,000, ಮರುಪಾವತಿ ಕಳೆದು ಫಿಸಿಯೋಥೆರಪಿಗೆ 10,000, ಓಡಾಟಕ್ಕೆ 6,000, ಹೋದ ಸಂಬಳ 45,000. ಒಟ್ಟು 86,000. ಮೊದಲ ಆಸ್ಪತ್ರೆಯ ಪ್ರತ್ಯೇಕ ಕೊಠಡಿಯ ದಾರಿಯಲ್ಲಿ ಹೋಗಿದ್ದರೆ ಆಸ್ಪತ್ರೆಯೊಂದಕ್ಕೇ 1,09,000 ಆಗುತ್ತಿತ್ತು, ಸಾಲದ ಬಡ್ಡಿ ಬೇರೆ. ವಿಮೆಯಲ್ಲಿ ಉಳಿದ ಹಣದಲ್ಲಿ ಅದೇ ವರ್ಷ ತಂದೆಯ ಪಾದದ ಹುಣ್ಣಿನ ಚಿಕಿತ್ಸೆಯೂ ನಡೆಯಿತು.

ಶಸ್ತ್ರಚಿಕಿತ್ಸೆಯ ದರದ ಮೇಲೆ ಚೌಕಾಶಿ ಮಾಡಿದ್ದರಿಂದ ಇಲ್ಲಿ ಒಂದು ರೂಪಾಯಿಯೂ ಉಳಿಯಲಿಲ್ಲ. ರಿಯಾಯಿತಿಯ ಆಸೆಗೆ ಬಲಿಬೀಳದೆ ಕಾದದ್ದು, ವಿವರವಾದ ಪಟ್ಟಿ ತರಿಸಿದ್ದು, ಪಾಲಿಸಿಯ ಕೊಠಡಿ ಮಿತಿಯೊಳಗೆ ವಾರ್ಡ್ ಆರಿಸಿದ್ದು ಹೆಚ್ಚಿನ ಉಳಿತಾಯ ತಂದವು. ಇವುಗಳಲ್ಲಿ ಯಾವುದೂ ಚಿಕಿತ್ಸೆಯ ಗುಣಮಟ್ಟವನ್ನು ಮುಟ್ಟಲಿಲ್ಲ. ಗುಣಮಟ್ಟಕ್ಕೆ ತಾಗುವ ಎರಡು ಕಡೆ, ಅಂದರೆ ಮೆನಿಸ್ಕಸ್ ಮತ್ತು ಫಿಸಿಯೋಥೆರಪಿಯಲ್ಲಿ, ಮೊದಲನೆಯದಕ್ಕೆ ಕುಟುಂಬ ಹಣ ಹಾಕಿತು, ಎರಡನೆಯದರಲ್ಲಿ ಯುವಕ ಉಳಿಸಲು ಹೋಗಿ ಎರಡು ತಿಂಗಳ ಹಿನ್ನಡೆ ಅನುಭವಿಸಿದ.

ಈ ಪ್ರಕರಣದ ನಂತರ ನಾವು ಲಿಗಮೆಂಟ್ ಹರಿದು ಬರುವವರ ಮೊದಲ ಭೇಟಿಯಲ್ಲೇ ಪಾಲಿಸಿಯ ಪ್ರತಿಯ ಜೊತೆಗೆ ಸಂಬಳದ ಚೀಟಿಯನ್ನೂ ಬಾಕಿ ರಜೆಯ ವಿವರವನ್ನೂ ತರಿಸುತ್ತಿದ್ದೇವೆ. ಸಂಬಳ 21,000 ದಾಟಿಲ್ಲದವರನ್ನು ಮೊದಲು ಇಎಸ್‌ಐ ಕಡೆಗೆ ಕಳುಹಿಸುತ್ತೇವೆ. ದಾಟಿದವರಿಗೆ, ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡುವ ಮುಂಚೆಯೇ ಕೆಲಸದ ಕಡೆ ಕುಳಿತು ಮಾಡುವ ಕೆಲಸ ಸಿಗುವುದೇ ಎಂದು ವೈದ್ಯರ ಪತ್ರದೊಂದಿಗೆ ಕೇಳಿಸುತ್ತೇವೆ.